ಫೆಜ್ ನಗರದಲ್ಲಿ ಎರಡು ದಿನ

ಮೊರಾಕೊ ದೇಶದ ಫೆಜ್ ನಗರವನ್ನು ಮೊದಲ ಬಾರಿಗೆ ನೋಡಲು ನನಗೆ ದೊರೆತಿರುವುದು ಎರಡೇ ದಿನಗಳು. ಹೋಗಿಬಂದ ಮಿತ್ರರ ಸಲಹೆಗಳನ್ನೆಲ್ಲ ಪಾಲಿಸುವುದಾದರೆ ಎರಡು ತಿಂಗಳೂ ಸಾಲದು. ಏನನ್ನು ನೋಡಬೇಕೆಂಬುದಕ್ಕಿಂತ ಏನನ್ನು ಬಿಡಬೇಕೆಂಬುದೇ ದೊಡ್ಡ ಚಿಂತೆಯಾಯಿತು. ಕೊನೆಗೆ ನನಗೆ ದಾರಿ ತೋರಿದ್ದು, ಹೇಳಿದರೆ ನೀವು ನಕ್ಕೀರಿ, ನಮ್ಮ ಹೊನ್ನಾವರದ ಒಂದು ಊಟ.

ಆ ಊಟವನ್ನು ಉಂಡವನು ಇಬ್ನ್ ಬತೂತ. 1304ರಲ್ಲಿ ಮೊರಾಕೊದ ಟಾಂಜಿಯರಿನಲ್ಲಿ ಹುಟ್ಟಿ, 1325ರಲ್ಲಿ ಮನೆ ಬಿಟ್ಟು, ದೆಹಲಿಯಲ್ಲಿ ಮಹಮ್ಮದ್ ಬಿನ್ ತುಘಲಕನ ಕೈಕೆಳಗೆ ನ್ಯಾಯಾಧೀಶನಾಗಿದ್ದ ಈತ 1340ರ ದಶಕದಲ್ಲಿ ನಮ್ಮ ಕರಾವಳಿಗೆ ಬಂದನು. ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡನು. ಹೊನ್ನಾವರದ ಒಡೆಯ ಜಮಾಲುದ್ದೀನನ ಮನೆಯಲ್ಲಿ ಅನ್ನಕ್ಕೆ ತುಪ್ಪ ಸುರಿದು, ಉಪ್ಪಿನಲ್ಲಿ ಹಾಕಿದ ಮೆಣಸು, ನಿಂಬೆ, ಮಾವು, ಹಸಿ ಶುಂಠಿಗಳನ್ನು ಬಡಿಸಿದರಂತೆ. ಒಂದೊಂದು ವ್ಯಂಜನಕ್ಕೂ ಮತ್ತೆ ಅನ್ನ, ಕಡೆಯಲ್ಲಿ ಮೊಸರು. ಮೊಸರು ಬಂದಿತೆಂದರೆ ಇನ್ನೇನೂ ಬರುವುದಿಲ್ಲವೆಂದು ತಿಳಿಯಬೇಕು ಎಂದು ಆತ ವಿವರಿಸಿದ್ದಾನೆ! ಹನ್ನೊಂದು ತಿಂಗಳು ರೊಟ್ಟಿಯಿಲ್ಲದೆ ಅನ್ನವನ್ನೇ ಉಂಡುದನ್ನೂ ಮರೆತಿಲ್ಲ. ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿದ್ದುವೆಂದು ಎಣಿಸಿ ಹೇಳಿದ್ದಾನೆ.

ಈ ಮಾತುಗಳೆಲ್ಲ ಅಕ್ಷರಕ್ಕಿಳಿದದ್ದು ಫೆಜ್ ನಗರದಲ್ಲಿ. ಮರೀನಿ ವಂಶದ ಸುಲ್ತಾನ ಅಬೂ ಇನಾನನ ಅಪ್ಪಣೆಯಂತೆ ಬತೂತ ಹೇಳಿದನು, ಇಬ್ನ್ ಜುಜಯ್ ಎಂಬ ಪಂಡಿತ ಬರೆದನು. 1355ರಲ್ಲಿ ಗ್ರಂಥ ಮುಗಿಯಿತು.

ಆಸ್ಥಾನ ಅವನನ್ನು ನಂಬಿತೇ? ಆಗ ಅಲ್ಲಿಯೇ ಇದ್ದ ತರುಣ ಇಬ್ನ್ ಖಲ್ದೂನ್, ಮುಂದೆ ಮಹಾ ಇತಿಹಾಸಕಾರನಾದವನು, ಇಂಡಿಯದ ಸಂಗತಿಗಳನ್ನು ಕೇಳಿ ಜನ ಅವನನ್ನು ಸುಳ್ಳುಗಾರನೆಂದು ಪಿಸುಗುಟ್ಟಿದರೆಂದು ದಾಖಲಿಸಿದ್ದಾನೆ. ತನಗೂ ಸಂಶಯವೆಂದು ವಜೀರನೊಡನೆ ಆಡಿದಾಗ ವಜೀರ ಒಂದು ಕಥೆ ಹೇಳಿದನಂತೆ. ಸೆರೆಬಿದ್ದ ಮಂತ್ರಿಯೊಬ್ಬನ ಮಗ ಸೆರೆಯಲ್ಲಿಯೇ ಬೆಳೆದನು. ತಾನು ತಿನ್ನುವ ಮಾಂಸ ಯಾವುದರದೆಂದು ಕೇಳಿದನು. ತಂದೆ ಕುರಿಯನ್ನು ವರ್ಣಿಸಿದರೆ, ಅದು ಇಲಿಯ ಹಾಗಿರುತ್ತದೆಯೇ ಎಂದನು. ಪಾಪ, ಅವನು ಕಂಡಿದ್ದ ಪ್ರಾಣಿ ಇಲಿಯೊಂದೇ!

ಬತೂತ ಹೇಳಿದ್ದೆಲ್ಲ ನಿಜವೆಂದು ನಾನು ವಾದಿಸಲಾರೆ. ಅವನ ಚೀನಾ ಯಾತ್ರೆಯನ್ನು ಶಂಕಿಸುವ ವಿದ್ವಾಂಸರಿದ್ದಾರೆ. ಜುಜಯ್ ಕೆಲವು ವರ್ಣನೆಗಳನ್ನು ಹಿಂದಿನವರ ಗ್ರಂಥದಿಂದ ಎತ್ತಿ ಸೇರಿಸಿದ್ದೂ ಹೌದು. ಆದರೆ ಆ ಮೊಸರಿನ ಮಾತು? ಪಂಕ್ತಿಯಲ್ಲಿ ಕುಳಿತು ಉಂಡವನಿಗಲ್ಲದೆ ಅದು ತಿಳಿಯುವ ಬಗೆಯೆಂತು?

ಆದುದರಿಂದ ಮೊದಲ ದಿನವನ್ನು ಅಬೂ ಇನಾನನಿಗೆ ಮೀಸಲಿರಿಸಿದ್ದೇನೆ. ಕಾಸಾಬ್ಲಾಂಕಾದಿಂದ ರೈಲಿನಲ್ಲಿ ಸುಮಾರು ನಾಲ್ಕು ಗಂಟೆಗಳ ಹಾದಿ. ಹಳೆಯ ನಗರದ ಬಾಬ್ ಬೂ ಜೆಲೂದ್ ಹೆಬ್ಬಾಗಿಲನ್ನು (ಇದು 1913ರದು, ಪುರಾತನವೆಂದು ಮೋಸಹೋಗಬಾರದು) ದಾಟಿ ತುಸು ಇಳಿದರೆ, ಆತ 1350ರಿಂದೀಚೆಗೆ ಕಟ್ಟಿಸಿದ ಬೂ ಇನಾನಿಯಾ ಮದ್ರಸಾ. ಗ್ರಂಥ ಬೆಳೆಯುತ್ತಿದ್ದ ದಿನಗಳಲ್ಲಿಯೇ ಈ ಗೋಡೆಗಳೂ ಏರಿದುವು. ದೇವದಾರುವಿನ ಕೆತ್ತನೆ, ಗಾರೆಯ ಕುಸುರಿ, ಬಣ್ಣದ ಹೆಂಚುಚೂರುಗಳ ಜೋಡಣೆ. ಅನ್ಯಮತೀಯರಿಗೂ ಅಂಗಳಕ್ಕೆ ಪ್ರವೇಶವುಂಟು. ಅಲ್ಲಿ ಒಂದು ತಾಸು ಸುಮ್ಮನೆ ಕುಳಿತುಕೊಳ್ಳುವ ಆಸೆ. ಅದೇ ಬೀದಿಯ ಕೆಳಗೆ ಕರವೀಯೀನ್ ಮಸೀದಿ. ಟ್ಯುನೀಷಿಯದ ಕೈರುವಾನಿನಿಂದ ವಲಸೆ ಬಂದ ಮನೆತನದ ಫಾತಿಮಾ ಅಲ್ ಫಿಹ್ರೀ ಎಂಬಾಕೆ 859ರಲ್ಲಿ ಅದನ್ನು ಸ್ಥಾಪಿಸಿದಳೆಂಬುದು ಪರಂಪರೆ. ಮುಸ್ಲಿಮೇತರರು ಒಳಹೋಗುವಂತಿಲ್ಲ, ನಾನು ಹೊಸ್ತಿಲಾಚೆ ನಿಂತು ನೋಡುವವನು.

ಎರಡನೆಯ ದಿನ ಓಣಿಗಳಿಗೆ. 1912ರಲ್ಲಿ ಬಂದ ಫ್ರೆಂಚರು ತಮ್ಮ ಹೊಸ ನಗರವನ್ನು ಹೊರಗೆ ಕಟ್ಟಿಕೊಂಡದ್ದರಿಂದ ಹಳೆಯದು ಒಡೆಯದೆ ಉಳಿಯಿತು. 1981ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಮೋಟಾರು ನುಗ್ಗಲಾರದ ಆ ಇಕ್ಕಟ್ಟಿನಲ್ಲಿ ಇಂದಿಗೂ ಹೇರು ಸಾಗಿಸುವುದು ಕತ್ತೆ, ಹೇಸರಗತ್ತೆಗಳು. "ಬಾಲಕ್" ಎಂಬ ಕೂಗು ಕೇಳಿದೊಡನೆ ಗೋಡೆಗೆ ಒರಗಬೇಕಂತೆ. ಚರ್ಮ ಹದಮಾಡುವ ಬಣ್ಣದ ತೊಟ್ಟಿಗಳನ್ನು ಚಿತ್ರಗಳಲ್ಲಿ ನೋಡಿದ್ದೇ ಸಾಕೆಂದು ಬಿಟ್ಟಿದ್ದೇನೆ.

ಆ ದಿನ ಶುಕ್ರವಾರ. ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ, ಮನೆಮನೆಯಲ್ಲಿ ಕೂಸ್‌ಕೂಸ್ ಬೇಯುತ್ತದೆ. ಅನ್ನ ಸಿಗಲಿಕ್ಕಿಲ್ಲವೆಂದು ಮನೆಯವರಿಗೆ ಚಿಂತೆ. ಬತೂತ ಹನ್ನೊಂದು ತಿಂಗಳು ರೊಟ್ಟಿಯಿಲ್ಲದೆ ಇದ್ದುದನ್ನು ಅವರಿಗೆ ಓದಿ ಹೇಳಿದ್ದೇನೆ.