ವಾಯುಸಂಚಾರ ಹರಿವಿನ ನಿರ್ವಹಣೆ

ವಾಯುಸಂಚಾರ ಹರಿವಿನ ನಿರ್ವಹಣೆ: ವಿಮಾನ ನಿಲ್ದಾಣ ಅಥವಾ ವಾಯುಪ್ರದೇಶದ ಸಾಮರ್ಥ್ಯ ಮೀರಿ ವಿಮಾನಗಳು ಒಂದೇ ವೇಳೆಗೆ ಬಂದು ಸೇರದಂತೆ, ಅವು ಹೊರಡುವ ಸಮಯವನ್ನು ಮೊದಲೇ ಹೊಂದಿಸುವ ವ್ಯವಸ್ಥೆ. ಇಳಿಯುವ ಸರದಿಗಾಗಿ ಆಕಾಶದಲ್ಲಿ ಸುತ್ತುವ ವಿಮಾನ ಇಂಧನ ಸುಡುತ್ತದೆ, ವಾಯುಸಂಚಾರ ನಿಯಂತ್ರಕರ ಹೊರೆಯನ್ನೂ ಹೆಚ್ಚಿಸುತ್ತದೆ. ಅದೇ ಹೊತ್ತನ್ನು ಎಂಜಿನ್ ಚಾಲೂ ಮಾಡುವ ಮುನ್ನ ನೆಲದ ಮೇಲೆ ಕಳೆಯುವುದು ಹೆಚ್ಚು ಸುರಕ್ಷಿತ, ಖರ್ಚೂ ಕಡಿಮೆ.

ಕಾರಣ: ಹವಾಮಾನ ದಟ್ಟಣೆಯ ಒಂದು ಮುಖ್ಯ ಕಾರಣ. ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದ ಜೋಡಿ ರನ್‌ವೇಗಳ ಮಧ್ಯರೇಖೆಗಳ ಅಂತರ ಕೇವಲ 750 ಅಡಿ. ಪೈಲಟ್‌ಗಳು ಪಕ್ಕದ ವಿಮಾನವನ್ನು ಕಣ್ಣಾರೆ ಕಾಣುವಂತಿದ್ದರೆ ಮಾತ್ರ ಎರಡೂ ರನ್‌ವೇಗಳಲ್ಲಿ ಜೊತೆಜೊತೆಯಾಗಿ ಇಳಿಯಲು ಸಾಧ್ಯವಿತ್ತು. ಬೇಸಿಗೆಯ ಬೆಳಗಿನಲ್ಲಿ ಸಮುದ್ರದ ತಗ್ಗುಮೋಡ ಕವಿದಾಗ ಗಂಟೆಗೆ ಸುಮಾರು 60 ಇದ್ದ ಇಳಿಕೆಗಳು 30ಕ್ಕೆ ಕುಸಿಯುವುದು ಅಲ್ಲಿ ಬಹುಕಾಲದ ಅನುಭವ.

ವಿಧಾನ: ಲೆಕ್ಕ ಇಳಿಯುವ ಸಮಯದಿಂದ ಹಿಂದಕ್ಕೆ ನಡೆಯುತ್ತದೆ. ಒಂದು ವಿಮಾನಕ್ಕೆ 10:40ಕ್ಕೆ ಇಳಿಯುವ ಸ್ಲಾಟ್ (ಮೀಸಲು ಸಮಯ) ಸಿಕ್ಕಿ, ಹಾರಾಟಕ್ಕೆ 1 ಗಂಟೆ 25 ನಿಮಿಷ ಬೇಕಿದ್ದರೆ, ಅದು 9:15ಕ್ಕೆ ನೆಲ ಬಿಡಬೇಕು. ಯುರೋಪಿನಲ್ಲಿ ನೆಲ ಬಿಡುವ ನಿಗದಿತ ಸಮಯಕ್ಕಿಂತ 5 ನಿಮಿಷ ಮುಂಚೆಯಿಂದ 10 ನಿಮಿಷ ತಡದವರೆಗೆ ವಿನಾಯಿತಿ ಇದೆ. ಅಮೆರಿಕದಲ್ಲಿ ಮೂಲ ವೇಳಾಪಟ್ಟಿಯ ಕ್ರಮದಲ್ಲೇ ಸ್ಲಾಟ್ ಹಂಚುತ್ತಾರೆ. ಹಾರಾಟ ರದ್ದುಪಡಿಸಿದ ಸಂಸ್ಥೆ ಆ ಸ್ಲಾಟನ್ನು ತನ್ನ ಇನ್ನೊಂದು ವಿಮಾನಕ್ಕೆ ಬಳಸಬಹುದು. ಹೀಗಾಗಿ ರದ್ದತಿಯನ್ನು ಬಚ್ಚಿಡುವುದರಿಂದ ಯಾರಿಗೂ ಲಾಭವಿಲ್ಲ.

ಇತಿಹಾಸ: 1981ರ ಆಗಸ್ಟ್‌ನಲ್ಲಿ ಮುಷ್ಕರ ಹೂಡಿದ 11,000ಕ್ಕೂ ಹೆಚ್ಚು ನಿಯಂತ್ರಕರನ್ನು ಅಮೆರಿಕ ಸರ್ಕಾರ ವಜಾ ಮಾಡಿತು. ಉಳಿದ ಸಿಬ್ಬಂದಿಯಿಂದ ಸಂಚಾರ ನಡೆಸಲು ವಿಮಾನಗಳನ್ನು ನೆಲದಲ್ಲೇ ತಡೆಹಿಡಿಯುವ ಪದ್ಧತಿ ವ್ಯಾಪಕವಾಯಿತು. 1987ರಲ್ಲಿ ಸಂಶೋಧಕ ಅಮೆಡಿಯೊ ಒಡೋನಿ, ಯಾವ ವಿಮಾನವನ್ನು ಎಷ್ಟು ಹೊತ್ತು ತಡೆಯಬೇಕೆಂಬ ಸಮಸ್ಯೆಗೆ ಗಣಿತದ ರೂಪ ಕೊಟ್ಟರು. 1998ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ನೆವಾರ್ಕ್‌ನಲ್ಲಿ ವಿಮಾನಯಾನ ಸಂಸ್ಥೆಗಳೂ ನಿಯಂತ್ರಕರೂ ಮಾಹಿತಿ ಹಂಚಿಕೊಂಡು ನಿರ್ಧರಿಸುವ ಪ್ರಯೋಗ ಆರಂಭವಾಯಿತು. ಯುರೋಪಿನಲ್ಲಿ ಹರಿವಿನ ನಿರ್ವಹಣೆಯ ಹೊಣೆ ಬ್ರಸೆಲ್ಸ್‌ನ ಯುರೋಕಂಟ್ರೋಲ್ ಕೇಂದ್ರದ್ದು.

ಭಾರತದಲ್ಲಿ: ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ದೆಹಲಿ ಕೇಂದ್ರ ಈ ಕೆಲಸ ನಿರ್ವಹಿಸುತ್ತದೆ. ಮುಂಬೈನ ಎರಡು ರನ್‌ವೇಗಳು ಒಂದನ್ನೊಂದು ಅಡ್ಡಹಾಯುವುದರಿಂದ ಸಾಮಾನ್ಯವಾಗಿ ಒಮ್ಮೆಗೆ ಒಂದೇ ಬಳಕೆಯಲ್ಲಿರುತ್ತದೆ. ಅಲ್ಲಿ ಮಳೆ ಜಡಿದು ಇಳಿಕೆಗಳು ತಗ್ಗಿದರೆ, ಬಿಸಿಲಿರುವ ಬೆಂಗಳೂರಿನಲ್ಲೂ ಮುಂಬೈಗೆ ಹೊರಟ ವಿಮಾನ ಕಾಯಬೇಕಾಗಬಹುದು.

ಮಿತಿಗಳು: ಆಗಲೇ ಹಾರುತ್ತಿರುವ ದೂರದ ವಿಮಾನಗಳನ್ನು ನೆಲದಲ್ಲಿ ತಡೆಯಲಾಗದು, ಹೀಗಾಗಿ ವಿಳಂಬದ ಹೆಚ್ಚಿನ ಪಾಲು ಹತ್ತಿರದ ಊರುಗಳ ಪ್ರಯಾಣಿಕರಿಗೆ ಬೀಳುತ್ತದೆ. ಮುನ್ಸೂಚನೆಗಿಂತ ಮೊದಲೇ ಮೋಡ ಸರಿದರೆ, ಕಾದು ಕಳೆದ ಹೊತ್ತು ಮರಳಿ ಸಿಗದು. ಆದ್ದರಿಂದ ನಿಖರ ಮುನ್ಸೂಚನೆ ಮತ್ತು ವಿಳಂಬದ ನ್ಯಾಯಯುತ ಹಂಚಿಕೆ, ಇವೆರಡರ ಮೇಲೆ ಈ ವ್ಯವಸ್ಥೆಯ ಯಶಸ್ಸು ನಿಂತಿದೆ.