ಮಗ್ಗುಲು ಬದಲಿಸಿದ ಮಹಾಕಾವ್ಯ

ಬೆಂಗಳೂರಿನಿಂದ ಹಳೆಯ ಮೈಸೂರು ರಸ್ತೆಯಲ್ಲಿ ಬರುವಾಗ ಮದ್ದೂರಿಗೆ ಮೊದಲು ನಿಡಘಟ್ಟ ಸಿಗುತ್ತದೆ. ಮದ್ದೂರು ವಡೆಯ ಧ್ಯಾನದಲ್ಲಿರುವ ನಾವು ಆ ಊರನ್ನು ಕಣ್ಣೆತ್ತಿಯೂ ನೋಡದೆ ದಾಟಿಬಿಡುತ್ತೇವೆ. ಮಂಟೇಸ್ವಾಮಿ ಕಾವ್ಯ ಕೇಳಿದವರು ಹಾಗೆ ದಾಟುವುದಿಲ್ಲ. ಕುಲುಮೆ ಕೆಲಸದವರ ಮನೆಯ ಮಗ ಕೆಂಪಾಚಾರಿ ಹುಟ್ಟಿದ್ದು ನಿಡಘಟ್ಟದಲ್ಲಿ ಎನ್ನುತ್ತದೆ ಕಾವ್ಯ. ಮಂಟೇಸ್ವಾಮಿಯ ಶಿಷ್ಯನಾಗಿ ಅವನೇ ಸಿದ್ಧಪ್ಪಾಜಿಯಾದ. ಗುರುವಿನ ಅಪ್ಪಣೆಯಂತೆ ಅವನು ಕಬ್ಬಿಣದ ಭಿಕ್ಷೆ ಕೇಳಲು ಹೋದದ್ದು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ. ಮಂಟೇಸ್ವಾಮಿಯ ಗದ್ದುಗೆ ಇರುವುದು ಅದೇ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ. ಕಲ್ಯಾಣದಿಂದ ಹೊರಟ ಕಥೆ ನಮ್ಮ ಮನೆಬಾಗಿಲಿಗೆ ಬಂದು ನಿಂತಿದೆ ನೋಡಿ!

ಈ ಕಾವ್ಯವನ್ನು ದೀಕ್ಷೆ ಪಡೆದ ನೀಲಗಾರರು ತಂಬೂರಿ ಹಿಡಿದು ಹಾಡುತ್ತಾರೆ. ಅವರ ಎದುರು ರಾತ್ರಿಯಿಡೀ ಕುಳಿತು ಕೇಳಿದ ಪುಣ್ಯವಂತರು ನಿಮ್ಮಲ್ಲಿಯೂ ಇರಬಹುದು. ನನ್ನ ವಯಸ್ಸಿನ ಬಹುಪಾಲು ಜನರಿಗೆ ಆ ಭಾಗ್ಯವಿಲ್ಲ. ನಮಗೆ ಸಿದ್ಧಪ್ಪಾಜಿಯ ಪರಿಚಯ ಮಾಡಿಸಿದ್ದು ಮಂಡ್ಯದ ಅಂಗಡಿಗಳಲ್ಲಿ, ಜಾತ್ರೆಯ ಸಾಲುಗಳಲ್ಲಿ ಮಾರುತ್ತಿದ್ದ ಕ್ಯಾಸೆಟ್. ವಿದ್ವಾಂಸರು ಕಾವ್ಯದ ಇತಿಹಾಸ ಬರೆದಿದ್ದಾರೆ. ಈ ಪುಟ್ಟ ಪ್ಲಾಸ್ಟಿಕ್ ಡಬ್ಬಿಯ ಇತಿಹಾಸವನ್ನೂ ಯಾರಾದರೂ ಹೇಳಬೇಕಲ್ಲ.

ಸಂಗೀತ ಮೊದಲು ಹೊಂದಿಕೊಂಡದ್ದು ತಟ್ಟೆಯ ಅಳತೆಗೆ. ಕಲ್ಕತ್ತೆಯಲ್ಲಿ 1902ರ ನವೆಂಬರಿನಲ್ಲಿ ಗೌಹರ್ ಜಾನ್ ಹಾಡಿದಾಗ ಸಿಗುತ್ತಿದ್ದ ಅವಕಾಶ ಸುಮಾರು ಮೂರು ನಿಮಿಷ. ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಆಕೆ ಅಷ್ಟರಲ್ಲಿ ಮುಗಿಸಿ, ಕೊನೆಯಲ್ಲಿ ತನ್ನ ಹೆಸರನ್ನೂ ಕೂಗಿ ಹೇಳುತ್ತಿದ್ದರು. ಅದೇ ಗೌಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಮೂರು ನಿಮಿಷದಲ್ಲಿ ಠುಮ್ರಿ ಹೇಗೋ ಹಿಡಿಸಿತು. ನೀಲಗಾರರಿಗೆ ಮೂರು ನಿಮಿಷ ಕೊಟ್ಟರೆ ತಂಬೂರಿ ಶ್ರುತಿ ಮಾಡಿ ಗುರುವಿಗೆ ಶರಣೆನ್ನುವಷ್ಟರಲ್ಲಿ ಮುಳ್ಳು ತಟ್ಟೆಯ ನಡುವಿಗೆ ಬಂದಿರುತ್ತದೆ.

ಅಮೆರಿಕದ ಕೊಲಂಬಿಯಾ ಕಂಪನಿ 1948ರಲ್ಲಿ ಎಲ್.ಪಿ. ತಟ್ಟೆಯನ್ನು ತಂದಿತು. ನಿಮಿಷಕ್ಕೆ 78 ಸುತ್ತಿನ ಬದಲು ಮೂವತ್ತಮೂರೂ ಕಾಲಿಗೆ ಸ್ವಲ್ಪ ಹೆಚ್ಚು ಸುತ್ತು, ಗೆರೆಗಳೂ ಬಲು ಸಣ್ಣವು. ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿತು. ಜಾಗ ಸಿಕ್ಕಿದ ಮೇಲೆ ಮನುಷ್ಯ ಸುಮ್ಮನಿರುತ್ತಾನೆಯೇ? ಎಪ್ಪತ್ತರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಪ್ರೋಗ್ರೆಸಿವ್ ರಾಕ್ ತಂಡಗಳು ಒಂದು ಮಗ್ಗುಲಿಗೆ ಒಂದೇ ಹಾಡು ತುಂಬಿಸಲು ಹೊರಟವು. ಪಿಂಕ್ ಫ್ಲಾಯ್ಡ್ ತಂಡದ 1971ರ ‘ಎಕೋಸ್’ ಇಪ್ಪತ್ತಮೂರು ನಿಮಿಷ ಮೀರುತ್ತದೆ. ಜೆಥ್ರೊ ಟಲ್ ತಂಡ 1972ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ಥಿಕ್ ಆ್ಯಸ್ ಎ ಬ್ರಿಕ್’ ಎಂದು ಎರಡು ಮಗ್ಗುಲಿಗೂ ಸೇರಿ ಒಂದೇ ಹಾಡು ಮಾಡಿತು. ಮೊದಲ ಮಗ್ಗುಲು ತೀರುವಾಗ ದನಿಯನ್ನು ಮೆಲ್ಲಗೆ ಇಳಿಸಿ, ತಟ್ಟೆ ಮಗುಚಿದ ಮೇಲೆ ಮತ್ತೆ ಮೆಲ್ಲಗೆ ಏರಿಸಿದರು. ಈ ತಂಡಗಳ ತಟ್ಟೆಗಳನ್ನು ಒಂದೂ ಬಿಡದೆ ಸಂಗ್ರಹಿಸುವ ಹುಚ್ಚರು ಲೋಕದ ಎಲ್ಲೆಡೆ ಇದ್ದಾರೆ. ಕಾಲೇಜಿನ ದಿನಗಳಲ್ಲಿ ನನಗೂ ಸ್ವಲ್ಪ ಆ ಹುಚ್ಚು ಹಿಡಿದಿತ್ತು.

ತಮಾಷೆಯೆಂದರೆ, ಅಲ್ಲಿ ಹೊಸತೆಂದು ಮೆರೆದದ್ದು ನಮ್ಮಲ್ಲಿ ಹಳತು. ಒಂದೇ ಕಥೆ, ಅದರ ಭಾಗಗಳು, ಮತ್ತೆ ಮತ್ತೆ ಮರಳುವ ಸೊಲ್ಲು, ನಡುವೆ ಬರೀ ವಾದ್ಯದ ಓಟ, ಹಾಡು ಮಾತಾಗಿ ಮಾತು ಹಾಡಾಗುವುದು, ಎಲ್ಲವೂ ತಂಬೂರಿಯವರಲ್ಲಿ, ಕಂಸಾಳೆಯವರಲ್ಲಿ ಇದ್ದೇ ಇತ್ತು. ಮಲೆ ಮಾದೇಶ್ವರನ ಕಾವ್ಯವನ್ನು ದೇವರಗುಡ್ಡರು ‘ಸಾಲು’ಗಳಾಗಿ ವಿಂಗಡಿಸಿ ಹಾಡುತ್ತಾರೆ: ಸಂಕಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಜುಂಜೇಗೌಡನ ಸಾಲು. ಒಂದೊಂದು ಸಾಲೂ ಒಂದೊಂದು ಆಲ್ಬಮ್ ಎಂದರೆ ಹಿರಿಯರು ಸಿಟ್ಟಾಗಬಾರದು.

ಫಿಲಿಪ್ಸ್ ಕಂಪನಿ 1963ರಲ್ಲಿ ಪರಿಚಯಿಸಿದ ಕ್ಯಾಸೆಟ್ ಇದಕ್ಕೆ ತಕ್ಕ ಡಬ್ಬಿಯಾಯಿತು. ವಿಜ್ಞಾನ ಓದಿದವನ ಚಟ, ಲೆಕ್ಕ ಹೇಳದೆ ಬಿಡಲಾರೆ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಮೂವತ್ತು ನಿಮಿಷಕ್ಕೆ ಸುಮಾರು 86 ಮೀಟರ್. ಅಂದರೆ ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿರುವುದು ಅಷ್ಟುದ್ದದ, ನಾಲ್ಕು ಮಿಲಿಮೀಟರಿಗೂ ಕಿರಿದಾದ ಪಟ್ಟಿ. ಅಗ್ಗ, ಒಡೆಯುವುದಿಲ್ಲ, ಜೇಬಿನಲ್ಲಿ ಹಿಡಿಸುತ್ತದೆ. ದೊಡ್ಡ ಕಾರ್ಖಾನೆ ಬೇಕಿಲ್ಲವಾದ್ದರಿಂದ ಸಣ್ಣ ಕಂಪನಿಗಳೂ ಧ್ವನಿಮುದ್ರಿಸಿ ಮಾರಬಹುದಾಗಿತ್ತು.

ಕನ್ನಡದ ಕ್ಯಾಸೆಟ್ ಇತಿಹಾಸವನ್ನು ನಾವು ಸಾಮಾನ್ಯವಾಗಿ 1978ರ ‘ನಿತ್ಯೋತ್ಸವ’ದಿಂದ ಆರಂಭಿಸುತ್ತೇವೆ. ಕೆ.ಎಸ್. ನಿಸಾರ್ ಅಹಮದರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ಸಂಗೀತ. ಮುಂದೆ ಈ ಜಿಲ್ಲೆಯ ಕಿಕ್ಕೇರಿಯಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’ಯೂ ಮನೆ ಮನೆಯಲ್ಲಿ ಹಾಡಾಯಿತು. ಅದೆಲ್ಲ ಸರಿ. ಆದರೆ ಭಾವಗೀತೆ ಗಿಡ್ಡದು; ಅದಕ್ಕೆ ಕ್ಯಾಸೆಟ್ ಇಲ್ಲದಿದ್ದರೂ ನಡೆಯುತ್ತಿತ್ತು. ಕ್ಯಾಸೆಟ್ಟಿನ ಉದ್ದ ನಿಜವಾಗಿ ಒದಗಿದ್ದು ಕಥೆ ಹಾಡುವವರಿಗೆ ಎಂಬುದು ನನ್ನ ಅಭಿಪ್ರಾಯ. ಮಳವಳ್ಳಿ ಮಹದೇವಸ್ವಾಮಿಯವರ ದನಿಯಲ್ಲಿ ಮಾದೇಶ್ವರನ ಕಥೆ, ಮಂಟೇಸ್ವಾಮಿಯ ಕಥೆ ಈ ಸೀಮೆಯ ಹೋಟೆಲು, ಟ್ರ್ಯಾಕ್ಟರುಗಳಲ್ಲೆಲ್ಲ ಕೇಳಿಸಿತು. ಆಲೆಮನೆಯಲ್ಲಿ ಬೆಲ್ಲದ ಪಾಕ ಕುದಿಯುತ್ತಿದ್ದರೆ ಪಕ್ಕದಲ್ಲಿ ಟೂ-ಇನ್-ಒನ್ ಕಥೆ ಹೇಳುತ್ತಿತ್ತು.

ಮೂವತ್ತು ನಿಮಿಷದ ಕಟ್ಟು ಕಥೆಯನ್ನೂ ಸ್ವಲ್ಪ ತಿದ್ದಿತು. ಗಮನವಿಟ್ಟು ಕೇಳಿ: ಸಂಕಮ್ಮನಿಂದ ಭಾಷೆ ಕೇಳುವ ಗಂಡ ನೀಲೇಗೌಡನ ಸಿಟ್ಟು ಏರುವಷ್ಟರಲ್ಲಿ ಎ ಸೈಡು ಮುಗಿದರೆ ಕೇಳುಗ ಎದ್ದು ಕ್ಯಾಸೆಟ್ ಮಗುಚದೆ ಇರಲಾರ. ಹಾಡುಗಾರರು ಇದನ್ನು ಬಲು ಬೇಗ ಅರಿತುಕೊಂಡರು. ಮುಂದೆ ಟಿ.ವಿ. ಧಾರಾವಾಹಿಗಳವರು ಪ್ರತಿದಿನವೂ ಬಳಸಿದ ಉಪಾಯವೇ ಇದು. ಅರ್ಧ ಗಂಟೆಯ ಕಾರ್ಯಕ್ರಮ ಮಾಡುವ ನಮ್ಮಂಥವರು ಆ ಕಟ್ಟಿನಲ್ಲಿ ಒದ್ದಾಡುತ್ತೇವೆ. ತಂಬೂರಿಯವರು ಅದನ್ನೇ ತಾಳದಂತೆ ಬಳಸಿಕೊಂಡರು. ಕಳೆದದ್ದೂ ಉಂಟು. ನಾಲ್ಕು ಕ್ಯಾಸೆಟ್ಟಿನ ಕಟ್ಟು ಎಂದರೂ ನಾಲ್ಕೇ ಗಂಟೆ. ರಾತ್ರಿಯ ಹಾಡಿಕೆಯಲ್ಲಿ ಕೇಳುಗರ ಮುಖ ನೋಡಿ ಬೆಳೆಸುವ ಭಾಗ, ಊರ ಹೆಸರು ಸೇರಿಸಿ ನಗಿಸುವ ಮಾತು ಸ್ಟುಡಿಯೋ ಒಳಗೆ ಹೋಗಲಿಲ್ಲ.

ಅದನ್ನು ಹಿಡಿಯಲು ಬೇರೆಯವರು ಬೇಕಾದರು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಟೇಪ್ ರೆಕಾರ್ಡರ್ ಹಿಡಿದು ಹಳ್ಳಿ ಸುತ್ತಿದರು. 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, ರಾಮನಗರದ ಬಳಿ ಜಾನಪದ ಲೋಕ ಎಬ್ಬಿಸಿದರು. ಅದೇ ತಾಲ್ಲೂಕಿನ ಜೀ.ಶಂ. ಪರಮಶಿವಯ್ಯನವರೂ ಕಾವ್ಯಗಳನ್ನು ಹಾಡುಗಾರರ ಬಾಯಿಂದಲೇ ಸಂಗ್ರಹಿಸಿದರು. ಆದರೆ ಅಂಗಡಿಯಲ್ಲಿ ಮಾರಾಟವಾದ ಕ್ಯಾಸೆಟ್ಟನ್ನು ಸಂಗ್ರಹಿಸಬೇಕಾದ ವಸ್ತುವೆಂದು ಬಹಳ ಕಾಲ ಯಾರೂ ಎಣಿಸಲಿಲ್ಲ. ಜೆಥ್ರೊ ಟಲ್ ತಟ್ಟೆಯ ಯಾವ ಮುದ್ರಣ ಯಾವ ವರ್ಷದ್ದೆಂದು ಬಾಯಿಪಾಠ ಒಪ್ಪಿಸುವವರು ಸಿಗುತ್ತಾರೆ. ಹಲಗೂರಿನ ಭಾಗವನ್ನು ಯಾರು ಯಾರು, ಯಾವ ವರ್ಷ, ಎಷ್ಟು ಕ್ಯಾಸೆಟ್ಟುಗಳಲ್ಲಿ ಹಾಡಿದ್ದಾರೆಂದು ಕೇಳಿದರೆ ಉತ್ತರವಿಲ್ಲ.

ಹುಡುಕುವುದು ಸುಲಭವೂ ಅಲ್ಲ. ನನಗೆ ಕಟ್ಟುಗಳು ಸಿಕ್ಕಿದ್ದು ಬಿಡಿಬಿಡಿಯಾಗಿ: ಒಂದನೆಯದು ಮಂಡ್ಯದ ಹಳೆಯ ಸಾಮಾನಿನ ಅಂಗಡಿಯಲ್ಲಿ, ನಾಲ್ಕನೆಯದು ಮಳವಳ್ಳಿಯ ನೆಂಟರ ಟ್ರಂಕಿನಲ್ಲಿ. ಒಳಗಿನ ಚೀಟಿ ಒಂದು ಕಥೆಯದು, ಕ್ಯಾಸೆಟ್ ಇನ್ನೊಂದು ಕಥೆಯದು. ಕೆಲವರು ಬೆನ್ನಿನ ಪ್ಲಾಸ್ಟಿಕ್ ಕಿಂಡಿಗೆ ಕಾಗದ ಅಂಟಿಸಿ ಮೇಲೆ ಬೇರೆ ಹಾಡು ತುಂಬಿಕೊಂಡಿದ್ದಾರೆ. ಹಲಗೂರಿನ ಪಾಂಚಾಳರು ಸಿದ್ಧಪ್ಪಾಜಿಯನ್ನು ಪರೀಕ್ಷೆಗೆ ಒಡ್ಡುತ್ತಿರುವಾಗಲೇ ಸಿನಿಮಾ ಗೀತೆ ಆರಂಭವಾಗುತ್ತದೆ! ಈಗ ಅಂತರ್ಜಾಲದಲ್ಲಿ ಎಷ್ಟೋ ಸಿಗುತ್ತವೆ. ಆದರೆ ತುಂಡು ಮಾಡಿ, ಕ್ರಮ ತಪ್ಪಿಸಿ, ಹಿಮ್ಮೇಳದವರ ಹೆಸರು ಬಿಟ್ಟು ಹಾಕಿರುವುದೇ ಹೆಚ್ಚು.

ನಿಮ್ಮ ಅಟ್ಟದ ಮೇಲೆ ಇಂಥದ್ದಿದ್ದರೆ ಕೂಡಲೇ ಟೇಪ್ ರೆಕಾರ್ಡರಿಗೆ ತುರುಕಬೇಡಿ. ಮೊದಲು ಬಿಳಿ ಬೂಷ್ಟು ಇದೆಯೇ ನೋಡಿ. ಇದ್ದರೆ ಬಲ್ಲವರಿಗೇ ಕೊಡಿ. ಟೇಪನ್ನು ಒತ್ತಿಹಿಡಿಯುವ ಸಣ್ಣ ಉಣ್ಣೆಯ ತುಂಡು ಕಳಚಿದ್ದರೆ ಬೇರೆ ಕ್ಯಾಸೆಟ್ಟಿನದನ್ನು ಅಂಟಿಸಬಹುದು. ಸರಿಯಿದ್ದರೆ ಪೂರ್ತಿ ಒಮ್ಮೆ ಮುಂದಕ್ಕೂ ಹಿಂದಕ್ಕೂ ಸುತ್ತಿ ಆಮೇಲೆ ಕೇಳಿ. ತೊಂಬತ್ತು ನಿಮಿಷದವುಗಳ ಟೇಪು ಇನ್ನೂ ತೆಳು, ಜಗ್ಗುತ್ತದೆ, ಜೋಪಾನ. ಕಂಪ್ಯೂಟರಿಗೆ ಇಳಿಸುವಾಗ ಎರಡು ಸೈಡುಗಳನ್ನು ಬೆರೆಸದೆ ಬೇರೆಯಾಗಿಯೇ ಇಡಿ, ಕಥೆ ಎಲ್ಲಿ ನಿಂತು ಎಲ್ಲಿ ಮುಂದುವರಿಯಿತೆಂಬುದು ತಿಳಿಯಲಿ. ಒಳಚೀಟಿಯ ಎರಡು ಮುಖವನ್ನೂ ಚಿತ್ರ ತೆಗೆಯಿರಿ. ಅದರಲ್ಲಿ ಸಣ್ಣ ಅಕ್ಷರದಲ್ಲಿರುವ ತಂಬೂರಿ, ಗಗ್ಗರದವರ ಹೆಸರುಗಳು ಬೇರೆಲ್ಲಿಯೂ ಅಚ್ಚಾಗಿಲ್ಲದೆ ಇರಬಹುದು. ನನ್ನ ಕಟ್ಟಿನಲ್ಲಿ ಎರಡು, ಮೂರನೆಯ ಕ್ಯಾಸೆಟ್ಟುಗಳು ಈಗಲೂ ಇಲ್ಲ. ಮದ್ದೂರಿನ ಕಡೆ ಎಲ್ಲಾದರೂ ಕಂಡರೆ ದಯವಿಟ್ಟು ಎಸೆಯಬೇಡಿ.