ನಗುವವರು ಯಾರು, ನಗೆಗೀಡಾಗುವವರು ಯಾರು?

2000ದ ಮೇ 19ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ‘ರೋಡ್ ಟ್ರಿಪ್’ ಎಂಬ ಹಾಸ್ಯಚಿತ್ರ ತೆರೆಕಂಡಿತು. ಕಥೆ ನಾಲ್ಕು ಸಾಲಿನದು. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ ಓದುವ ಜಾಶ್ ಎಂಬ ಹುಡುಗನ ಗೆಳತಿ ದೂರದ ಟೆಕ್ಸಸ್‌ನ ಆಸ್ಟಿನ್‌ನಲ್ಲಿದ್ದಾಳೆ. ಆತ ಒಂದು ರಾತ್ರಿ ಬೆತ್ ಎಂಬ ಇನ್ನೊಬ್ಬ ಹುಡುಗಿಯ ಜೊತೆ ಕಳೆಯುತ್ತಾನೆ. ಅದು ವಿಡಿಯೋ ಟೇಪಿನಲ್ಲಿ ದಾಖಲಾಗುತ್ತದೆ. ಗೆಳತಿಗೆ ಹೋಗಬೇಕಾಗಿದ್ದ ಟೇಪಿನ ಬದಲು ಈ ಟೇಪೇ ಅಂಚೆಗೆ ಬಿದ್ದುಬಿಡುತ್ತದೆ. ಅದು ಅವಳ ಕೈಸೇರುವ ಮೊದಲೇ ಹಿಡಿಯಬೇಕೆಂದು ನಾಲ್ವರು ಹುಡುಗರು ಸುಮಾರು 1,800 ಮೈಲಿ ದೂರಕ್ಕೆ ಕಾರು ಹತ್ತುತ್ತಾರೆ. ಅಲ್ಲಿಂದ ಮುಂದೆ ಪೋಲಿ ಮಾತು, ಬೆತ್ತಲೆ ದೃಶ್ಯ, ಹೊಟ್ಟೆ ತೊಳಸುವಂಥ ಚೇಷ್ಟೆ.

ವಿಮರ್ಶಕರಲ್ಲಿ ಈ ಚಿತ್ರದ ಬಗ್ಗೆ ಒಮ್ಮತವಿರಲಿಲ್ಲ. ಪ್ರೇಕ್ಷಕರು ಅದಕ್ಕೆ ಕಾಯಲೂ ಇಲ್ಲ. ಸುಮಾರು 1.6 ಕೋಟಿ ಡಾಲರ್ ವೆಚ್ಚದ ಚಿತ್ರ ಜಗತ್ತಿನಾದ್ಯಂತ 12 ಕೋಟಿ ಡಾಲರುಗಳಷ್ಟು ಗಳಿಸಿತು. ಹಾಗಿದ್ದರೆ ಜನರ ಅಭಿಪ್ರಾಯ ಏನಾಗಿತ್ತು? ನಕ್ಕರು ಎಂಬುದು ನಿಜ. ಆದರೆ ನಗು ಪೂರ್ಣ ಉತ್ತರವೇ? ಈ ಬಗೆಯ ಚಿತ್ರಗಳ ಚರಿತ್ರೆಯನ್ನು ನೋಡಿದರೆ, ಪ್ರೇಕ್ಷಕನ ತೀರ್ಪು ಒಂದೇ ಸಲ ಬರೆದು ಮುಗಿಯುವಂಥದ್ದಲ್ಲ ಎಂದು ತಿಳಿಯುತ್ತದೆ.

ದಾರಿಯ ಹಾಸ್ಯ ಹಾಲಿವುಡ್ಡಿಗೆ ಹೊಸದಲ್ಲ. 1934ರಲ್ಲಿ ಫ್ರಾಂಕ್ ಕಾಪ್ರಾ ನಿರ್ದೇಶಿಸಿದ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಇದೇ ಜಾತಿಯದು. ಮನೆ ಬಿಟ್ಟು ಓಡಿಬಂದ ಶ್ರೀಮಂತ ಯುವತಿ, ಸುದ್ದಿಗಾಗಿ ಬೆನ್ನುಹತ್ತಿದ ಪತ್ರಕರ್ತ, ಜೊತೆಯಲ್ಲೊಂದು ಬಸ್ಸು ಪ್ರಯಾಣ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಬೇಕಾಗಿ ಬಂದಾಗ ನಡುವೆ ಹಗ್ಗ ಕಟ್ಟಿ ಕಂಬಳಿ ಇಳಿಬಿಡುತ್ತಾರೆ. ಭಾರತದ ಪ್ರೇಕ್ಷಕರು ಈ ಕಥೆಯನ್ನು 1956ರ ‘ಚೋರಿ ಚೋರಿ’ಯಲ್ಲೂ 1991ರ ‘ದಿಲ್ ಹೈ ಕೆ ಮಾನ್‌ತಾ ನಹೀ’ಯಲ್ಲೂ ಕಂಡಿದ್ದಾರೆ. ಅಲ್ಲಿನ ನಗೆಯೆಲ್ಲ ಆ ಕಂಬಳಿಯ ಸುತ್ತಲೇ ಹುಟ್ಟುತ್ತದೆ. ಕಾಣದಿದ್ದುದೇ ಹಾಸ್ಯದ ಜೀವಾಳ.

ಅದೇ 1934ರ ನಡುವಿನಿಂದ ಹಾಲಿವುಡ್ಡಿನ ನೀತಿಸಂಹಿತೆ ಬಿಗಿಯಾಗಿ ಜಾರಿಗೆ ಬಂತು. ಏನನ್ನು ತೋರಿಸಬಹುದು, ಏನನ್ನು ತೋರಿಸಬಾರದು ಎಂಬ ಪಟ್ಟಿ ಮೂರು ದಶಕಗಳಿಗೂ ಮೀರಿ ಉದ್ಯಮವನ್ನು ಆಳಿತು. 1968ರ ನವೆಂಬರಿನಲ್ಲಿ ಆ ಸಂಹಿತೆ ಹೋಗಿ, ವಯಸ್ಸಿಗೆ ತಕ್ಕ ಶ್ರೇಣಿಗಳ ಪದ್ಧತಿ ಬಂತು. ‘ಆರ್’ ಎಂಬ ಶ್ರೇಣಿಯ ಚಿತ್ರಕ್ಕೆ ಎಳೆಯರು ತಂದೆತಾಯಿಗಳೊಂದಿಗೋ ಹಿರಿಯರೊಂದಿಗೋ ಬರಬೇಕು. ಈ ವಯಸ್ಸಿನ ಮಿತಿ ಮುಂದೆ 17 ಎಂದು ನಿಂತಿತು. ನಿಯಮದ ಉದ್ದೇಶ ಹುಡುಗರನ್ನು ದೂರವಿಡುವುದು. ಆದರೆ ಬಾಗಿಲು ಹಾಕಿದ ಕೋಣೆಯಲ್ಲೇನಿದೆ ಎಂಬ ಕುತೂಹಲ ಹುಡುಗರಿಗಿಂತ ಹೆಚ್ಚಾಗಿ ಯಾರಿಗಿದ್ದೀತು?

ಈ ಕುತೂಹಲದ ಬೆಲೆಯನ್ನು ಉದ್ಯಮಕ್ಕೆ ತೋರಿಸಿಕೊಟ್ಟದ್ದು 1978ರ ‘ಅನಿಮಲ್ ಹೌಸ್’. ಜಾನ್ ಲ್ಯಾಂಡಿಸ್ ನಿರ್ದೇಶನದ ಈ ಚಿತ್ರ 1962ರ ಒಂದು ಕಾಲ್ಪನಿಕ ಕಾಲೇಜಿನಲ್ಲಿ ನಡೆಯುತ್ತದೆ. ಫ್ರೆಟರ್ನಿಟಿ ಎಂದು ಕರೆಯಲಾಗುವ ವಿದ್ಯಾರ್ಥಿ ಕೂಟವೊಂದರ ಪುಂಡರು ಮತ್ತು ಕಾಲೇಜಿನ ಡೀನ್ ನಡುವಿನ ಜಗಳವೇ ಕಥೆ. ನಡುವೆ ಹುಡುಗರು ಕಾರು ಹತ್ತಿ ಮಹಿಳಾ ಕಾಲೇಜಿಗೆ ಹೋಗುವ ಪ್ರಸಂಗವೊಂದಿದೆ. ಸುಮಾರು 30 ಲಕ್ಷ ಡಾಲರಿನಲ್ಲಿ ತಯಾರಾದ ಚಿತ್ರ ಅಮೆರಿಕದಲ್ಲೇ 14 ಕೋಟಿಗೂ ಹೆಚ್ಚು ತಂದಿತು. ಅದರ ನಿರ್ಮಾಪಕರಲ್ಲಿ ಒಬ್ಬರಾದ ಐವನ್ ರೀಟ್‌ಮನ್ ಅವರ ಸಂಸ್ಥೆಯಿಂದಲೇ 22 ವರ್ಷಗಳ ನಂತರ ‘ರೋಡ್ ಟ್ರಿಪ್’ ಬಂದಿತೆಂಬುದು ಗಮನಾರ್ಹ. ಹಳೆಯ ಚಿತ್ರದ ಒಂದು ಪ್ರಸಂಗ ಹೊಸ ಚಿತ್ರದಲ್ಲಿ ಇಡೀ ಕಥೆಯಾಯಿತು.

1982ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಕೆನಡಾದ ‘ಪೋರ್ಕೀಸ್’ ಈ ದಾರಿಯನ್ನು ಇನ್ನಷ್ಟು ಅಗಲಗೊಳಿಸಿತು. ಹುಡುಗಿಯರ ಸ್ನಾನದ ಮನೆಯ ಗೋಡೆಯ ತೂತಿನಿಂದ ಹುಡುಗರು ಇಣುಕುವುದು ಅದರ ಹೆಸರುವಾಸಿಯಾದ ದೃಶ್ಯ. ವಿಮರ್ಶಕರಾದ ಜೀನ್ ಸಿಸ್ಕೆಲ್ ಮತ್ತು ರೋಜರ್ ಎಬರ್ಟ್ ಅದನ್ನು ವರ್ಷದ ಅತಿ ಕೆಟ್ಟ ಚಿತ್ರಗಳ ಸಾಲಿಗೆ ಸೇರಿಸಿದರು. ಗಲ್ಲಾಪೆಟ್ಟಿಗೆಯಲ್ಲಿ ಅದು ಆ ವರ್ಷದ ಮೊದಲ ಐದು ಚಿತ್ರಗಳ ಸಾಲಿನಲ್ಲಿತ್ತು. ವಿಮರ್ಶಕನದೊಂದು ದಾರಿಯಾದರೆ ಟಿಕೆಟ್ಟು ಕೊಂಡವನದು ಇನ್ನೊಂದು ದಾರಿ ಎಂಬ ಮಾತು ಆಗ ಉದ್ಯಮದಲ್ಲಿ ಬೇರೂರಿತು.

ಹಾಗಾದರೆ ಟಿಕೆಟ್ಟು ಕೊಂಡವನ ಮನಸ್ಸನ್ನು ಅಳೆಯುವುದು ಹೇಗೆ? ಮೂಕಿಚಿತ್ರಗಳ ಕಾಲದಲ್ಲಿಯೇ ಹಾಸ್ಯನಟ ಹೆರಾಲ್ಡ್ ಲಾಯ್ಡ್ ತಮ್ಮ ಚಿತ್ರಗಳನ್ನು ಬಿಡುಗಡೆಗೆ ಮುನ್ನ ಸಾಮಾನ್ಯ ಪ್ರೇಕ್ಷಕರಿಗೆ ತೋರಿಸಿ, ನಗು ಬಾರದ ಕಡೆ ಕತ್ತರಿ ಆಡಿಸುತ್ತಿದ್ದರು. 1970ರ ದಶಕದ ಕೊನೆಯಲ್ಲಿ ಎಡ್ ಮಿಂಟ್ಜ್ ಎಂಬವರು ‘ಸಿನಿಮಾಸ್ಕೋರ್’ ಎಂಬ ಪದ್ಧತಿ ಆರಂಭಿಸಿದರು. ಮೆಚ್ಚುಗೆ ಗಳಿಸಿದ್ದ ಚಿತ್ರವೊಂದನ್ನು ನೋಡಿ ಅವರಿಗಾದ ನಿರಾಸೆಯೇ ಇದಕ್ಕೆ ಪ್ರೇರಣೆ. ಮೊದಲ ದಿನ ಚಿತ್ರ ನೋಡಿ ಹೊರಬರುವವರ ಕೈಗೆ ಚೀಟಿ ಕೊಟ್ಟು, ಶಾಲೆಯ ಮಾಸ್ತರು ಕೊಡುವಂತೆ ಎ, ಬಿ, ಸಿ ಎಂದು ದರ್ಜೆ ಕೊಡಿಸುವುದು ಅದರ ಕ್ರಮ. ವಯಸ್ಸು, ಗಂಡೋ ಹೆಣ್ಣೋ ಎಂಬುದನ್ನೂ ಚೀಟಿ ಕೇಳುತ್ತದೆ. ಆದರೆ ಚೀಟಿಗೆ ಉತ್ತರ ಕೊಡುವವರು ಅದೇ ತಾನೇ ನಕ್ಕು ಹೊರಬಂದವರು. ಮನೆಗೆ ಹೋಗಿ ಮಲಗಿದ ಮೇಲೆ, ಅಥವಾ ಇಪ್ಪತ್ತು ವರ್ಷ ಕಳೆದ ಮೇಲೆ, ಅವರಿಗೆ ಏನನ್ನಿಸಿತು ಎಂದು ಕೇಳುವ ಚೀಟಿ ಇಲ್ಲ.

‘ರೋಡ್ ಟ್ರಿಪ್’ನ ನಿರ್ದೇಶಕ ಟಾಡ್ ಫಿಲಿಪ್ಸ್ ಇಲ್ಲಿಗೆ ಬಂದದ್ದು ಸಾಕ್ಷ್ಯಚಿತ್ರದ ದಾರಿಯಿಂದ. 1998ರಲ್ಲಿ ಆಂಡ್ರ್ಯೂ ಗರ್ಲ್ಯಾಂಡ್ ಜೊತೆ ಅವರು ಮಾಡಿದ ‘ಫ್ರಾಟ್ ಹೌಸ್’ ಕಾಲೇಜು ಕೂಟಗಳಲ್ಲಿ ಹೊಸಬರಿಗೆ ಕೊಡುವ ಕಿರುಕುಳವನ್ನು, ಅಂದರೆ ನಮ್ಮಲ್ಲಿ ರ್‍ಯಾಗಿಂಗ್ ಎನ್ನುವುದನ್ನು, ಕುರಿತದ್ದು. ಸನ್‌ಡ್ಯಾನ್ಸ್ ಉತ್ಸವದಲ್ಲಿ ಪ್ರಶಸ್ತಿಯನ್ನೂ ಪಡೆಯಿತು. ಆದರೆ ಕೆಲವು ದೃಶ್ಯಗಳನ್ನು ಆಡಿಸಿ ತೆಗೆಯಲಾಗಿದೆ ಎಂಬ ಆರೋಪ ಬಂದು, ಎಚ್‌ಬಿಒ ವಾಹಿನಿ ಅದನ್ನು ಪ್ರಸಾರ ಮಾಡಲೇ ಇಲ್ಲ. ಭಯ ಹುಟ್ಟಿಸುವ ಅದೇ ಹುಡುಗರ ಲೋಕ ಎರಡು ವರ್ಷಗಳಲ್ಲಿ ನಗೆಯ ಲೋಕವಾಗಿ ತೆರೆಗೆ ಬಂತು.

ಕಾಲವೂ ಅನುಕೂಲವಾಗಿತ್ತು. 1999ರ ಏಪ್ರಿಲ್‌ನಲ್ಲಿ ಕೊಲಂಬೈನ್ ಶಾಲೆಯ ಗುಂಡಿನ ದಾಳಿಯ ನಂತರ ಯುವಜನರ ಮನರಂಜನೆಯ ಬಗ್ಗೆ ಆತಂಕ ಎದ್ದಿತ್ತು. ‘ಆರ್’ ಚಿತ್ರಗಳಿಗೆ ಗುರುತಿನ ಚೀಟಿ ನೋಡಿಯೇ ಒಳಗೆ ಬಿಡುವುದಾಗಿ ಚಿತ್ರಮಂದಿರಗಳ ಮಾಲೀಕರು ಒಪ್ಪಿದರೆಂದು ಅಧ್ಯಕ್ಷ ಕ್ಲಿಂಟನ್ ಜೂನ್‌ನಲ್ಲಿ ಪ್ರಕಟಿಸಿದರು. ಮರುತಿಂಗಳೇ ಬಂದ ‘ಅಮೆರಿಕನ್ ಪೈ’ ಜಗತ್ತಿನಾದ್ಯಂತ 23 ಕೋಟಿ ಡಾಲರ್ ಬಾಚಿತು. ‘ರೋಡ್ ಟ್ರಿಪ್’ ನಡೆದದ್ದು ಅದೇ ಅಲೆಯ ಮೇಲೆ. ಮುಂದೆ ಡಿವಿಡಿ ಬಂದಾಗ, ಶ್ರೇಣಿಯನ್ನೇ ಪಡೆಯದ ಆವೃತ್ತಿ ಎಂಬುದೇ ಮಾರಾಟದ ಆಕರ್ಷಣೆಯಾಯಿತು. ಕಾವಲಿದ್ದ ಬಾಗಿಲೇ ಜಾಹೀರಾತಾದ ಬಗೆ ಇದು.

ಆಗ ಈ ಚಿತ್ರಗಳ ಬಗ್ಗೆ ಕೇಳಿಬರುತ್ತಿದ್ದ ಪ್ರಶ್ನೆ ಮುಖ್ಯವಾಗಿ ಒಂದೇ: ಇದು ಅಶ್ಲೀಲವೇ, ಅಲ್ಲವೇ? ಹೌದೆಂದವರು ಮುಖ ಸಿಂಡರಿಸಿದರು, ಅಲ್ಲವೆಂದವರು ನಕ್ಕರು. ಆದರೆ ‘ಅಮೆರಿಕನ್ ಪೈ’ಯಲ್ಲಿ ಒಬ್ಬ ಹುಡುಗಿ ಬಟ್ಟೆ ಬದಲಿಸುವುದನ್ನು ಆಕೆಗೆ ತಿಳಿಯದಂತೆ ಕಂಪ್ಯೂಟರ್ ಕ್ಯಾಮೆರಾದ ಮೂಲಕ ಶಾಲೆಗೆಲ್ಲ ತೋರಿಸಲಾಗುತ್ತದೆ. ‘ರೋಡ್ ಟ್ರಿಪ್’ನಲ್ಲಿ ಬೆತ್‌ಗೆ ಕ್ಯಾಮೆರಾ ಇರುವುದು ಗೊತ್ತು, ಆದರೆ ಆ ಟೇಪನ್ನು ನೋಡುವ ಆತುರ ಜಾಶ್‌ನ ಗೆಳೆಯರದು. ದಾರಿಯಲ್ಲಿ ಕಾರು ಹಾಳಾದಾಗ ಹುಡುಗರು ಕದಿಯುವುದು ಅಂಧರ ಶಾಲೆಯ ಬಸ್ಸು. ಇಲ್ಲಿ ನಗುವವರು ಯಾರು, ನಗೆಗೀಡಾದವರು ಯಾರು ಎಂಬ ಪ್ರಶ್ನೆ ಆಗ ಅಷ್ಟಾಗಿ ಕೇಳಿಬರಲಿಲ್ಲ.

ಆ ಪ್ರಶ್ನೆಯನ್ನು ತಂದದ್ದು ಸಿನಿಮಾ ಅಲ್ಲ, ಬದುಕು. 2004ರಲ್ಲಿ ಅಮೆರಿಕದ ಸಂಸತ್ತು ಕದ್ದು ಚಿತ್ರಿಸುವುದರ ವಿರುದ್ಧ ಕಾನೂನು ಮಾಡಿತು. 2010ರ ಸೆಪ್ಟೆಂಬರಿನಲ್ಲಿ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ 18 ವರ್ಷದ ವಿದ್ಯಾರ್ಥಿಯೊಬ್ಬನ ಖಾಸಗಿ ಭೇಟಿಯನ್ನು ಅವನ ಕೋಣೆಯ ಜೊತೆಗಾರ ಕಂಪ್ಯೂಟರ್ ಕ್ಯಾಮೆರಾದಿಂದ ಕದ್ದು ನೋಡಿ, ಇತರರಿಗೂ ತಿಳಿಸಿದ. ಕೆಲವೇ ದಿನಗಳಲ್ಲಿ ಆ ಹುಡುಗ ಆತ್ಮಹತ್ಯೆ ಮಾಡಿಕೊಂಡ. ತೆರೆಯ ಮೇಲೆ ನಗೆಯ ವಸ್ತುವಾಗಿದ್ದ ಕ್ಯಾಮೆರಾ ಹಾಸ್ಟೆಲಿನ ನಿಜವಾದ ಕೋಣೆಯಲ್ಲಿ ಜೀವವನ್ನೇ ತೆಗೆದಿತ್ತು. ಒಪ್ಪಿಗೆಯಿಲ್ಲದೆ ಖಾಸಗಿ ಚಿತ್ರಗಳನ್ನು ಪ್ರಕಟಿಸುವುದು ಅಪರಾಧವೆಂದೂ, ದೂರು ಬಂದ 48 ಗಂಟೆಗಳೊಳಗೆ ಜಾಲತಾಣಗಳು ಅವನ್ನು ತೆಗೆಯಬೇಕೆಂದೂ ಹೇಳುವ ರಾಷ್ಟ್ರೀಯ ಕಾನೂನಿಗೆ ಸಹಿ ಬಿದ್ದದ್ದು 2025ರ ಮೇ 19ರಂದು. ‘ರೋಡ್ ಟ್ರಿಪ್’ ತೆರೆಕಂಡು ಅಂದಿಗೆ ಸರಿಯಾಗಿ 25 ವರ್ಷ. ಇದು ಬರಿಯ ಕಾಕತಾಳೀಯ. ಆದರೂ ಒಂದು ಸಮಾಜ ನಡೆದುಬಂದ ದೂರವನ್ನು ಅಳೆಯಲು ಮೈಲಿಗಲ್ಲಾಗಬಲ್ಲದು.

ಹಾಗೆಂದು ಈ ಚಿತ್ರಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಬೇಕೆಂದಲ್ಲ. ‘ಅನಿಮಲ್ ಹೌಸ್’ ಅನ್ನು 2001ರಲ್ಲಿ ಅಮೆರಿಕದ ರಾಷ್ಟ್ರೀಯ ಚಿತ್ರ ದಾಖಲೆಗೆ ಸೇರಿಸಿ ಕಾಪಿಡಲಾಗಿದೆ. ‘ರೋಡ್ ಟ್ರಿಪ್’ನಲ್ಲಿಯೂ ಪೋಲಿತನಕ್ಕೆ ಮೀರಿದ್ದೊಂದಿದೆ. ಅಪ್ಪನ ಹೆಸರೆತ್ತಿದರೆ ನಡುಗುತ್ತಿದ್ದ ಕೈಲ್ ಎಂಬ ಸಣಕಲು ಹುಡುಗ ದಾರಿ ಸವೆದಂತೆ ತಲೆಯೆತ್ತಿ ನಿಲ್ಲುವುದನ್ನು ಕಲಿಯುತ್ತಾನೆ. ಮನೆಯವರ ಕಣ್ಣು ತಪ್ಪಿಸಿ ಗೆಳೆಯರೊಡನೆ ಹೊರಟ ಮೊದಲ ಪ್ರಯಾಣದ ಸಂಭ್ರಮ ಯಾವ ದೇಶದ ಯುವಕರಿಗೂ ಹೊರತಲ್ಲ.

2000ದಲ್ಲಿ 18 ವರ್ಷದವರಾಗಿ ಈ ಚಿತ್ರ ನೋಡಿ ನಕ್ಕವರು ಈಗ ನಲವತ್ತು ದಾಟಿದ್ದಾರೆ. ಹಲವರ ಮಕ್ಕಳು ಕಾಲೇಜಿನ ಹೊಸ್ತಿಲಲ್ಲಿದ್ದಾರೆ, ಎಲ್ಲರ ಜೇಬಿನಲ್ಲೂ ಒಂದೊಂದು ಕ್ಯಾಮೆರಾ ಇದೆ. ಅಂಚೆಯ ಟೇಪಾದರೆ ಕಾರಿನಲ್ಲಿ ಬೆನ್ನಟ್ಟಿ ಹಿಡಿಯುವ ಆಸೆಯಾದರೂ ಇತ್ತು. ಈಗ ಒಮ್ಮೆ ಕೈಬಿಟ್ಟ ಚಿತ್ರದ ಹಿಂದೆ ಎಷ್ಟು ಮೈಲಿ ಓಡಿದರೂ ಅದು ಕೈಗೆ ಸಿಗುವುದು ಕಷ್ಟ. ಅದೇ ಚಿತ್ರವನ್ನು ಮಗನೋ ಮಗಳೋ ಪಕ್ಕದಲ್ಲಿ ಕುಳಿತಿರುವಾಗ ಮತ್ತೆ ನೋಡುವ ತಂದೆತಾಯಿಗಳು ಕೆಲವು ಕಡೆ ಮೊದಲಿನಂತೆಯೇ ನಗಬಹುದು, ಕೆಲವು ಕಡೆ ನಗು ಗಂಟಲಲ್ಲೇ ಉಳಿಯಬಹುದು. ಯಾವ ಚೀಟಿಯಲ್ಲೂ ದಾಖಲಾಗದ ಪ್ರೇಕ್ಷಕರ ತೀರ್ಪು ಅದೇ.